ಗೀಸರ್ ಒಡೆದರೆ ವಿಮೆ ಯಾವುದಕ್ಕೆ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ: ಬೋರ್ ನೀರಿನ ಊರುಗಳಿಗೊಂದು ಮಾರ್ಗದರ್ಶಿ

ಮನೆಗೆ ವಿಮೆ ಇದೆ, ಹಾಗಾಗಿ ಗೀಸರ್ ಕೆಟ್ಟರೂ ವಿಮೆಯವರೇ ಕೊಡುತ್ತಾರೆ ಅಂದುಕೊಂಡವರು ದಾವಣಗೆರೆಯಲ್ಲೂ ಇದ್ದಾರೆ, ಚಿತ್ರದುರ್ಗದಲ್ಲೂ ಇದ್ದಾರೆ. ಕೊಡುವುದಿಲ್ಲ. ಗೀಸರ್ ಇದ್ದಕ್ಕಿದ್ದಂತೆ ಒಡೆದು, ನೀರು ನುಗ್ಗಿ ಹಾಳಾದ ಗೋಡೆ, ಬಾಗಿಲು, ಬೀರು, ಹಾಸಿಗೆಗೆ ಕೊಡುತ್ತಾರೆ. ಎಂಟು ವರ್ಷ ಬೋರ್ ನೀರು ಕುಡಿದು, ಒಳಗೇ ತುಕ್ಕು ಹಿಡಿದು ತೂತಾದ ಗೀಸರ್‌ಗೆ ಕೊಡುವುದಿಲ್ಲ. ಒಂದೇ ಬಚ್ಚಲು, ಒಂದೇ ನೀರು, ಆದರೆ ವಿಮೆಯ ಕಾಗದದಲ್ಲಿ ಇವೆರಡು ಬೇರೆ ಬೇರೆ ಸಂಗತಿ. ಗೀಸರ್ ಉಳಿಸಿಕೊಳ್ಳುವುದು ನಿಮ್ಮ ಕೆಲಸ, ಮನೆ ಉಳಿಸಿಕೊಳ್ಳಲು ವಿಮೆ. ಮೊದಲನೆಯದನ್ನು ಮಾಡದವರಿಗೆ ಎರಡನೆಯದೂ ಸರಿಯಾಗಿ ಸಿಗುವುದಿಲ್ಲ ಎಂಬುದೇ ಈ ಲೇಖನದ ಒಟ್ಟು ವಿಷಯ.

ಹೆಜ್ಜೆ 1: ನಿಮ್ಮ ಹತ್ತಿರ ಇರುವುದು ಯಾವ ಪಾಲಿಸಿ ಎಂದು ನೋಡಿ

ಗೃಹಸಾಲ ತೆಗೆದುಕೊಂಡಾಗ ಬ್ಯಾಂಕಿನವರು ಒಂದು ವಿಮೆ ಮಾಡಿಸಿರುತ್ತಾರೆ. ಅದರ ಪ್ರತಿ ಬಹಳ ಮನೆಗಳಲ್ಲಿ ಇರುವುದೇ ಇಲ್ಲ. ಬ್ಯಾಂಕಿಗೆ ಹೋಗಿ ಕೇಳಿ ತೆಗೆದುಕೊಳ್ಳಿ. ಅದು ಬಹುಮಟ್ಟಿಗೆ ಕಟ್ಟಡಕ್ಕೆ ಮಾತ್ರ ಇರುತ್ತದೆ, ಒಳಗಿನ ಸಾಮಾನಿಗೆ ಇರುವುದಿಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ವಿಮೆಯನ್ನು ಜಾರಿಗೆ ತಂದಿತು. ಕಂಪನಿ ಯಾವುದಾದರೂ ಇರಲಿ, ಈ ಹೆಸರಿನ ಪಾಲಿಸಿಯ ಮೂಲ ಷರತ್ತು ಒಂದೇ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಗಲಭೆ ಇವೆಲ್ಲ ಅದರ ಪಟ್ಟಿಯಲ್ಲಿವೆ. ನಮಗೆ ಬೇಕಾದ ಸಾಲು ಪಟ್ಟಿಯ ಕೊನೆಯ ಹತ್ತಿರ ಇದೆ: ನೀರಿನ ಟ್ಯಾಂಕು, ಉಪಕರಣ ಮತ್ತು ಪೈಪುಗಳು ಒಡೆಯುವುದು ಅಥವಾ ತುಂಬಿ ಹರಿಯುವುದು. ಗೀಸರ್, ಸೋಲಾರ್ ಟ್ಯಾಂಕು, ಮಾಳಿಗೆ ಮೇಲಿನ ಸಿಂಟೆಕ್ಸ್ ಎಲ್ಲವೂ ಈ ಸಾಲಿನಡಿ ಬರುತ್ತವೆ.

ಹಣದ ಲೆಕ್ಕ ಹೀಗೆ. ಕಟ್ಟಡದ ವಿಮಾ ಮೊತ್ತವನ್ನು ಕಾರ್ಪೆಟ್ ವಿಸ್ತೀರ್ಣಕ್ಕೆ ಈಗಿನ ಕಟ್ಟುವ ಖರ್ಚನ್ನು ಗುಣಿಸಿ ಹಾಕುತ್ತಾರೆ. ಸೈಟಿನ ಬೆಲೆ ಇದರಲ್ಲಿ ಬರುವುದಿಲ್ಲ. ದಾವಣಗೆರೆಯ ಎಂಸಿಸಿ ಬಿ ಬ್ಲಾಕಿನಲ್ಲಿ ಸೈಟಿಗೆ ಎಷ್ಟು ಬೆಲೆ ಬಂದರೂ ವಿಮೆಗೆ ಅದು ಲೆಕ್ಕಕ್ಕಿಲ್ಲ, ನೆಲ ಸುಟ್ಟುಹೋಗುವುದಿಲ್ಲವಲ್ಲ. 1,000 ಚದರಡಿ ಮನೆ, ಚದರಡಿಗೆ 2,000 ರೂಪಾಯಿ ಎಂದುಕೊಂಡರೆ 20 ಲಕ್ಷ. ಕಟ್ಟಡ, ಸಾಮಾನು ಎರಡಕ್ಕೂ ಸೇರಿಸಿ ಪಾಲಿಸಿ ಮಾಡಿಸಿದ್ದರೆ ಇದರ ಶೇ. 20, ಅಂದರೆ 4 ಲಕ್ಷ ರೂಪಾಯಿವರೆಗೆ ಮನೆಯ ಸಾಮಾನ್ಯ ಸಾಮಾನುಗಳಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಹೀಗೆ ತಾನಾಗಿ ಸಿಗುವುದಕ್ಕೆ ಗರಿಷ್ಠ ಮಿತಿ 10 ಲಕ್ಷ. ಇನ್ನೂ ಹೆಚ್ಚು ಬೇಕಾದರೆ ಪಟ್ಟಿ ಕೊಟ್ಟು ಮಾಡಿಸಬಹುದು.

ಗೋಡೆಗೆ ಶಾಶ್ವತವಾಗಿ ಜೋಡಿಸಿದ ಫಿಟಿಂಗ್, ಮಾಳಿಗೆ ಮೇಲಿನ ಸೋಲಾರ್ ಪ್ಯಾನೆಲ್ ಇವು ಕಟ್ಟಡದ ಲೆಕ್ಕಕ್ಕೆ ಬರುತ್ತವೆ. ಬಾಡಿಗೆದಾರರಾಗಿದ್ದರೆ ಇಲ್ಲಿ ಎಚ್ಚರ ಬೇಕು. ನೀವು ನಿಮ್ಮ ಸಾಮಾನಿಗಷ್ಟೇ ವಿಮೆ ಮಾಡಿಸಬಹುದು. ಓನರ್ ಹಾಕಿಸಿದ ಗೀಸರ್ ಒಡೆದು ನಿಮ್ಮ ವಾಷಿಂಗ್ ಮಷಿನ್, ಮಂಚ ಹಾಳಾದರೆ ಓನರ್ ವಿಮೆ ಅದನ್ನು ಕೇಳುವುದಿಲ್ಲ. ವಿದ್ಯಾನಗರದಲ್ಲಾಗಲಿ ನಿಟ್ಟುವಳ್ಳಿಯಲ್ಲಾಗಲಿ ಬಾಡಿಗೆಗೆ ಇರುವವರು ಸಾಮಾನಿನ ವಿಮೆ ಮಾಡಿಸುವುದು ಅಪರೂಪ, ಆದರೆ ಕಟ್ಟಡದ ವಿಮೆಗೆ ಹೋಲಿಸಿದರೆ ಅದರ ಪ್ರೀಮಿಯಂ ಸಣ್ಣದು.

ಹೆಜ್ಜೆ 2: ‘ಕೊಡುವುದಿಲ್ಲ’ ಎಂಬ ಪುಟವನ್ನು ಎರಡು ಸಲ ಓದಿ

ಏಜೆಂಟರು ‘ಕೊಡುತ್ತೇವೆ’ ಎನ್ನುವ ಪುಟವನ್ನೇ ತೋರಿಸುತ್ತಾರೆ. ‘ಕೊಡುವುದಿಲ್ಲ’ ಎನ್ನುವ ಪುಟ ನೀವೇ ಹುಡುಕಿಕೊಳ್ಳಬೇಕು. ಗೀಸರ್ ವಿಷಯಕ್ಕೆ ಅದರಲ್ಲಿ ಎರಡು ಸಾಲು ಮುಖ್ಯ.

ಮೊದಲನೆಯದು ಸವಕಳಿ. ದಿನಾ ಬಳಸಿ ಸವೆದದ್ದು, ತುಕ್ಕು ಹಿಡಿದದ್ದು, ನಿಧಾನವಾಗಿ ಜಿನುಗಿ ಗೋಡೆ ಒದ್ದೆಯಾದದ್ದು ಇವಕ್ಕೆ ವಿಮೆ ಇಲ್ಲ. ಬಚ್ಚಲ ಗೋಡೆಯ ಆಚೆ ಬದಿ, ಮಲಗುವ ಕೋಣೆಯ ಬಣ್ಣ ಆರು ತಿಂಗಳಿಂದ ಉಬ್ಬುತ್ತಿದ್ದರೆ ಅದು ‘ಒಡೆದದ್ದು’ ಅಲ್ಲ, ಸೋರಿಕೆ. ಆ ಗೋಡೆಗೆ ಈಗಲೇ ಪ್ಲಂಬರ್ ಕರೆಸಿ. ಸೋರಿಕೆ ಗೊತ್ತಿದ್ದೂ ಬಿಟ್ಟದ್ದು ಸರ್ವೇಯರ್, ಅಂದರೆ ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವವರ, ಕಣ್ಣಿಗೆ ಬಿದ್ದರೆ ಮುಂದೆ ನಿಜವಾಗಿ ಒಡೆದಾಗಲೂ ಕ್ಲೇಮ್ ಜಗ್ಗಾಟಕ್ಕೆ ಬೀಳುತ್ತದೆ.

ಎರಡನೆಯದು ವಿದ್ಯುತ್ ಉಪಕರಣದ ಸಾಲು. ಶಾರ್ಟ್ ಸರ್ಕ್ಯೂಟ್, ಮಿತಿಮೀರಿದ ಒತ್ತಡ, ತನ್ನಿಂದ ತಾನೇ ಬಿಸಿಯಾಗುವುದು, ಕರೆಂಟ್ ಸೋರಿಕೆ ಇಂಥ ಕಾರಣದಿಂದ ಒಂದು ಉಪಕರಣ ಹಾಳಾದರೆ ಆ ಉಪಕರಣಕ್ಕೆ ಪರಿಹಾರವಿಲ್ಲ. ಸಿಡಿಲಿನಿಂದ ಹಾಗಾದರೂ ಇಲ್ಲ ಎಂದು ಆವರಣದಲ್ಲಿ ಸೇರಿಸಿದ್ದಾರೆ. ಏಪ್ರಿಲ್‌–ಮೇ ತಿಂಗಳ ಗುಡುಗು ಮಳೆಯಲ್ಲಿ ತಂತಿಯಲ್ಲಿ ಹೆಚ್ಚು ವೋಲ್ಟೇಜ್ ಬಂದು ಗೀಸರ್ ಸುಟ್ಟರೆ ಈ ಸಾಲೇ ಅಡ್ಡ ಬರುತ್ತದೆ. ಆದರೆ ಇದೇ ಸಾಲಿನ ಕೊನೆಯಲ್ಲಿ ನಮಗೆ ಅನುಕೂಲವಾದ ಮಾತೊಂದಿದೆ: ಈ ನಿರಾಕರಣೆ ಹಾಳಾದ ಆ ಉಪಕರಣಕ್ಕೆ ಮಾತ್ರ. ಗೀಸರ್‌ನಲ್ಲಿ ಶಾರ್ಟ್ ಆಗಿ ಬೆಂಕಿ ಹತ್ತಿ ಫಾಲ್ಸ್ ಸೀಲಿಂಗ್, ಬಾಗಿಲು, ಪಕ್ಕದ ಬೀರು ಸುಟ್ಟರೆ ಗೀಸರ್ ಬಿಟ್ಟು ಉಳಿದದ್ದಕ್ಕೆಲ್ಲ ಕ್ಲೇಮ್ ಇದೆ. ‘ಶಾರ್ಟ್ ಸರ್ಕ್ಯೂಟ್ ಅಲ್ಲವಾ, ಕೊಡಲ್ಲ’ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಈ ಸಾಲನ್ನು ತೋರಿಸಿ.

ಗೀಸರ್‌ಗೇ ರಕ್ಷಣೆ ಬೇಕೆನ್ನುವವರಿಗೆ ಎರಡು ದಾರಿ. ಸಾರ್ವಜನಿಕ ವಲಯದ ವಿಮಾ ಕಂಪನಿಗಳ ಹಳೆಯ ಹೌಸ್‌ಹೋಲ್ಡರ್ ಪ್ಯಾಕೇಜ್ ಪಾಲಿಸಿಗಳಲ್ಲಿ ಮನೆ ಉಪಕರಣ ಕೆಟ್ಟುಹೋಗುವುದಕ್ಕೆ ಒಂದು ಪ್ರತ್ಯೇಕ ವಿಭಾಗ ಇರುತ್ತದೆ. ಹಳೆಯ ಉಪಕರಣಕ್ಕೆ ಸವಕಳಿ ಕಡಿತ ಮಾಡಿ ಕೊಡುತ್ತಾರೆ. ಇನ್ನೊಂದು, ಕಂಪನಿಯ ವಾರಂಟಿ. ನನ್ನ ಅಭಿಪ್ರಾಯ ಕೇಳಿದರೆ, ಏಳೆಂಟು ಸಾವಿರದ ಗೀಸರ್ ಒಂದಕ್ಕೋಸ್ಕರ ಆ ವಿಭಾಗಕ್ಕೆ ದುಡ್ಡು ಕಟ್ಟುವುದು ದಂಡ. ಫ್ರಿಜ್, ಟಿವಿ, ವಾಷಿಂಗ್ ಮಷಿನ್ ಎಲ್ಲ ಸೇರಿಸಿದರೆ ಯೋಚಿಸಬಹುದು.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೊಂದನ್ನು ಕೇಳಬೇಕು. ನಿಮ್ಮ ಗೀಸರ್ ಒಡೆದು ಕೆಳಗಿನ ಮನೆಯವರ ಸೀಲಿಂಗ್ ಹಾಳಾದರೆ ನಿಮ್ಮ ಗೃಹ ರಕ್ಷಾ ಅವರಿಗೆ ಕೊಡುವುದಿಲ್ಲ. ಅದಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ವಿಭಾಗ ಬೇಕು. ಪ್ಯಾಕೇಜ್ ಪಾಲಿಸಿಗಳಲ್ಲಿ ಅದು ಸಿಗುತ್ತದೆ. ಕೆಳಗಿನ ಮನೆಯ ಆಂಟಿಯ ಮುಖ ದಿನಾ ಲಿಫ್ಟಿನಲ್ಲಿ ನೋಡಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಜೀವಕ್ಕೆ ಅಪಾಯವಾದರೆ? ಗೀಸರ್ ಶಾಕ್ ಹೊಡೆದು ಸಾವಾದರೆ ಮನೆ ವಿಮೆಯ ಮೂಲ ಪಾಲಿಸಿ ಅದಕ್ಕಲ್ಲ. ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ ಕೊಡುತ್ತದೆ. ಮನೆಯಲ್ಲಿ ಎಲ್ಲರ ಖಾತೆಗೂ ಅದು ಇದೆಯೇ ಎಂದು ಪಾಸ್‌ಬುಕ್ ನೋಡಿ.

ಹೆಜ್ಜೆ 3: ನಿಮ್ಮ ನೀರನ್ನು ಮೊದಲು ತಿಳಿದುಕೊಳ್ಳಿ

ದಾವಣಗೆರೆಗೆ ತುಂಗಭದ್ರೆಯ ನೀರು ಬರುತ್ತದೆ, ಭದ್ರಾ ನಾಲೆಯಿಂದ ಕುಂದವಾಡ ಕೆರೆಗೂ ಬರುತ್ತದೆ. ಚಿತ್ರದುರ್ಗಕ್ಕೆ ಸೂಳೆಕೆರೆ ಮತ್ತು ವಾಣಿವಿಲಾಸ ಸಾಗರ. ಈ ನೀರು ಗೀಸರ್‌ಗೆ ತಕ್ಕಮಟ್ಟಿಗೆ ಸಾಧು. ತಕರಾರು ಬರುವುದು ನಳದ ನೀರು ಬಾರದ ದಿನ ಸಂಪಿಗೆ ಬೋರ್ ಬಿಟ್ಟಾಗ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು, ಅದು ಕುಡಿಯುವವರ ಹಲ್ಲು, ಮೂಳೆಯ ಕಥೆ. ಗೀಸರ್‌ನ ಶತ್ರು ಬೇರೆ: ಸುಣ್ಣದ ಅಂಶ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ.

ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಹೊರಬಂದು, ನೀರು ಕಾಯಿಸುವ ಲೋಹದ ಸುರುಳಿ, ಅಂದರೆ ಎಲಿಮೆಂಟಿನ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ನೀರು ಬಿಸಿಯಾದಷ್ಟೂ ಜಾಸ್ತಿ ಕೂರುತ್ತದೆ. ಪದರ ದಪ್ಪವಾದರೆ ಎಲಿಮೆಂಟಿನ ಶಾಖ ನೀರಿಗೆ ದಾಟುವುದಿಲ್ಲ, ಎಲಿಮೆಂಟೇ ಕೆಂಪಗೆ ಕಾದು ಒಂದು ದಿನ ಬಿರಿಯುತ್ತದೆ. ಬಿರಿದರೆ ಕರೆಂಟ್ ನೀರಿಗೆ ಇಳಿಯುತ್ತದೆ. ಪದರ ಉದುರಿ ಟ್ಯಾಂಕಿನ ತಳ ಸೇರಿದರೆ ಅಲ್ಲಿ ತುಕ್ಕಿಗೆ ದಾರಿಯಾಗುತ್ತದೆ.

ಪರೀಕ್ಷೆಗೆ ಲ್ಯಾಬ್ ಬೇಡ. ಅನ್ನದ ಕುಕ್ಕರಿನ ಒಳಗೆ, ಚಹಾದ ಪಾತ್ರೆಯ ಅಂಚಿಗೆ, ಶವರಿನ ತೂತಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ ಗೀಸರ್‌ನಲ್ಲೂ ಕಟ್ಟುತ್ತಿದೆ. ಸೋಪು ನೊರೆ ಬರುವುದಿಲ್ಲ, ತಲೆ ಕೂದಲು ಸಿಕ್ಕಾಗುತ್ತದೆ ಎನ್ನುವ ಮನೆಗಳೂ ಇದೇ ಲೆಕ್ಕ.

ಹೆಜ್ಜೆ 4: ವರ್ಷಕ್ಕೊಮ್ಮೆ ಶುಚಿ, ನೀರು ತುಂಬುವ ಹಬ್ಬಕ್ಕೆ ಮುಂಚೆ

ನಮ್ಮ ಕಡೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಮಾಲಿಂಗನ ಬಳ್ಳಿ ಕಟ್ಟಿ ನೀರು ತುಂಬುತ್ತಿದ್ದರು, ಹಳ್ಳಿಗಳಲ್ಲಿ ಈಗಲೂ ತುಂಬುತ್ತಾರೆ. ಹುಣಸೆ ಹುಳಿ ಮಾಡುತ್ತಿದ್ದುದು ಇದೇ ಕೆಲಸ, ಸುಣ್ಣದ ಪೊರೆ ಕರಗಿಸುವುದು. ಚಳಿ ಶುರುವಾಗುವ ಮುನ್ನ, ಬಿಸಿನೀರಿನ ಬಳಕೆ ಏರುವ ಮುನ್ನ ಈ ಕೆಲಸ ಆಗುತ್ತಿತ್ತು. ಗೀಸರ್‌ಗೂ ಅದೇ ವಾರ ಗೊತ್ತು ಮಾಡಿಕೊಳ್ಳಿ, ಮರೆಯುವುದಿಲ್ಲ. ಬರೀ ಬೋರ್ ನೀರಿನ ಮನೆಯಾದರೆ ಯುಗಾದಿ ಹೊತ್ತಿಗೆ ಇನ್ನೊಂದು ಸಲ.

ವಾರಂಟಿ ಇದ್ದರೆ ಕಂಪನಿಯ ಸರ್ವೀಸಿನವರನ್ನೇ ಕರೆಸಿ. ಬೇರೆಯವರು ಬಿಚ್ಚಿದ್ದು ಗೊತ್ತಾದರೆ ವಾರಂಟಿ ಹೋಗುತ್ತದೆ. ವಾರಂಟಿ ಮುಗಿದಿದ್ದರೆ ಬಲ್ಲ ಎಲೆಕ್ಟ್ರಿಷಿಯನ್ ಸಾಕು, ಆದರೆ ಪಕ್ಕದಲ್ಲಿ ನಿಂತು ನೋಡಿ. ಕ್ರಮ ಇದು.

ಗೋಡೆಯ ಸ್ವಿಚ್ ಮಾತ್ರ ಅಲ್ಲ, ಮೇನ್ ಬೋರ್ಡಿನಲ್ಲಿರುವ ಎಂಸಿಬಿಯನ್ನೇ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಇಳಿಸಬೇಕು. ನೀರು ಪೂರ್ತಿ ತಣ್ಣಗಾಗಲು ಬಿಡಬೇಕು. ತಣ್ಣೀರು ಒಳಹೋಗುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು, ಆಮೇಲೆ ಕೆಳಗಿನ ಡ್ರೈನ್ ಬಿಚ್ಚಬೇಕು. ಬಿಸಿನೀರಿನ ನಲ್ಲಿ ತೆರೆಯದಿದ್ದರೆ ಗಾಳಿ ಒಳಗೆ ಹೋಗದೆ ನೀರು ಇಳಿಯುವುದಿಲ್ಲ. ಮೊದಲ ಬಕೆಟ್ ನೀರನ್ನು ನೋಡಿ: ಬಿಳಿ ಚೂರು ಬಂದರೆ ಸುಣ್ಣ, ಕೆಂಪು ನೀರು ಬಂದರೆ ತುಕ್ಕು. ಕೆಂಪು ನೀರಿನ ಫೋಟೊ ತೆಗೆದಿಟ್ಟುಕೊಳ್ಳಿ, ಹೊಸ ಗೀಸರ್‌ಗೆ ದುಡ್ಡು ಕೂಡಿಡಲು ಶುರು ಮಾಡಿ.

ಎಲಿಮೆಂಟ್ ಹೊರತೆಗೆದ ಮೇಲೆ ಸುತ್ತಿಗೆಯಿಂದ ಬಡಿಯಲು ಬಿಡಬೇಡಿ. ಮಂಡಿಪೇಟೆಯಲ್ಲೋ ಸಂತೆಪೇಟೆಯಲ್ಲೋ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಒಂದು ಲೀಟರ್ ಬಿಸಿನೀರಿಗೆ 50–60 ಗ್ರಾಂ ಕರಗಿಸಿ, ಎಲಿಮೆಂಟಿನ ಲೋಹದ ಭಾಗ ಮಾತ್ರ ಮುಳುಗುವಂತೆ ಗಂಟೆಗಟ್ಟಲೆ ಇಡಿ. ಪೊರೆ ನೊರೆಯಾಗಿ ಬಿಡುತ್ತದೆ. ಕರೆಂಟ್ ಜೋಡಿಸುವ ತುದಿಗೆ ನೀರು ತಾಗಬಾರದು. ಬಚ್ಚಲು ತೊಳೆಯುವ ಆಸಿಡ್ಡನ್ನು ಟ್ಯಾಂಕಿಗೆ ಸುರಿಯುವವರಿದ್ದಾರೆ. ಪೊರೆ ಬೇಗ ಹೋಗುತ್ತದೆ ನಿಜ, ಜೊತೆಗೆ ಟ್ಯಾಂಕೂ ಹೋಗುತ್ತದೆ.

ಗಾಜಿನ ಲೇಪನದ ಟ್ಯಾಂಕ್ ಇದ್ದರೆ ಒಳಗೆ ಮೆಗ್ನೀಸಿಯಂ ಆನೋಡ್ ರಾಡ್ ಇರುತ್ತದೆ. ಟ್ಯಾಂಕಿನ ಉಕ್ಕಿನ ಬದಲು ತಾನು ಕರಗುವುದೇ ಅದರ ಕೆಲಸ. ಅರ್ಧಕ್ಕಿಂತ ಹೆಚ್ಚು ತಿಂದುಹೋಗಿದ್ದರೆ ಬದಲಿಸಿ. ಸರ್ವೀಸಿಗೆ ಬಂದವರು ನೀವು ಕೇಳದಿದ್ದರೆ ಇದನ್ನು ಎಷ್ಟೋ ಸಲ ಬಿಚ್ಚಿ ನೋಡುವುದೇ ಇಲ್ಲ. ‘ಆನೋಡ್ ತೋರಿಸ್ರಿ’ ಎಂದು ಕೇಳಿ. ಆನೋಡ್ ನೋಡದೆ ಬಿಟ್ಟ ಮನೆಯಲ್ಲಿ ಒಂದು ದಿನ ಪ್ಲಂಬರ್ ಬಾಯಿಂದ ಬರುವ ಮಾತು ಒಂದೇ: ‘ಟ್ಯಾಂಕೇ ಹೋಗೈತ್ರಿ ಸಾರ್, ಬೆಸುಗಿ ಹಾಕಿದ್ರೂ ನಿಲ್ಲಲ್ಲ.’

ಗ್ಯಾಸ್ಕೆಟ್ ಹೊಸದು ಹಾಕಿ ಮುಚ್ಚಿ, ನೀರು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಹೋಗಿ ನೀರು ಧಾರೆಯಾಗಿ ಬಂದ ಮೇಲೆಯೇ ಎಂಸಿಬಿ ಏರಿಸಬೇಕು. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಎಲಿಮೆಂಟ್ ಸುಡಲು ನಿಮಿಷಗಳು ಸಾಕು.

ನೀರು ಸಾಕಷ್ಟು ಕಾದ ಮೇಲೆ ಕರೆಂಟ್ ಕಡಿಯುವ ಥರ್ಮೋಸ್ಟಾಟನ್ನು 55–60 ಡಿಗ್ರಿಗೆ ಇಡಿ. ಚಳಿಗೆ ಹೆದರಿ 75ಕ್ಕೆ ಏರಿಸಿ, ಆಮೇಲೆ ತಣ್ಣೀರು ಬೆರೆಸಿ ಸ್ನಾನ ಮಾಡುವುದರಲ್ಲಿ ಸುಣ್ಣಕ್ಕೆ ಲಾಭ, ನಿಮಗಿಲ್ಲ. 2,000 ವ್ಯಾಟಿನ ಎಲಿಮೆಂಟ್ 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ತರಲು ಸುಮಾರು 20 ನಿಮಿಷ, 25 ಲೀಟರಿಗೆ 35 ನಿಮಿಷ ಬೇಕು. ಇದಕ್ಕಿಂತ ಬಹಳ ಹೊತ್ತು ಹಿಡಿಯುತ್ತಿದ್ದರೆ ಪೊರೆ ಕಟ್ಟಿದೆ ಎಂದೇ ಅರ್ಥ.

ಹೆಜ್ಜೆ 5: ಸೇಫ್ಟಿ ವಾಲ್ವ್ ಮತ್ತು ಅರ್ಥಿಂಗ್, ಈ ಎರಡರಲ್ಲಿ ಉಳಿತಾಯ ಬೇಡ

ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ನೀರು 20ರಿಂದ 60 ಡಿಗ್ರಿಗೆ ಹೋಗುವಾಗ ಸುಮಾರು ಕಾಲು ಲೀಟರಿಗಿಂತ ಹೆಚ್ಚೇ ಜಾಗ ಕೇಳುತ್ತದೆ. ತಣ್ಣೀರಿನ ದಾರಿಯಲ್ಲಿ ಹಿಂದಕ್ಕೆ ಬಿಡದ ವಾಲ್ವ್ ಇದ್ದರೆ ಆ ಹೆಚ್ಚಿನ ನೀರು ಹೋಗುವುದೆಲ್ಲಿಗೆ? ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕುತ್ತದೆ. ಗೀಸರ್ ಕಾಯುವಾಗ ನಾಲ್ಕು ಹನಿ ಬೀಳುವುದು ರೋಗವಲ್ಲ, ಆರೋಗ್ಯ. ಅದನ್ನು ಸೋರಿಕೆ ಎಂದುಕೊಂಡು ಎಂ-ಸೀಲ್ ಮೆತ್ತಿ ಮುಚ್ಚುವುದು, ವಾಲ್ವ್ ತೆಗೆದು ಪ್ಲಗ್ ಹಾಕುವುದು ಬಾಂಬು ಕಟ್ಟಿದ ಹಾಗೆ. ಥರ್ಮೋಸ್ಟಾಟ್ ಒಂದು ದಿನ ಅಂಟಿಕೊಂಡು ಕರೆಂಟ್ ಕಡಿಯದಿದ್ದರೆ ಟ್ಯಾಂಕ್ ಗೋಡೆ ಸಮೇತ ಕಿತ್ತು ಬರಬಹುದು. ಹಾಗಾದಾಗ ಸರ್ವೇಯರ್ ಮೊದಲು ನೋಡುವುದೂ ಆ ವಾಲ್ವನ್ನೇ. ಎಡೆಬಿಡದೆ ಸೋರುತ್ತಿದ್ದರೆ ಮಾತ್ರ ವಾಲ್ವ್ ಬದಲಿಸಿ, ಬೆಲೆ ಕೆಲವು ನೂರು ರೂಪಾಯಿ.

ಮಾಳಿಗೆ ಮೇಲಿನ ಟ್ಯಾಂಕಿನಿಂದ ಬರೀ ಇಳಿಜಾರಿನಲ್ಲಿ ಬರುವ ನೀರಿಗೆ ಒತ್ತಡ ಕಡಿಮೆ, 10 ಮೀಟರ್ ಎತ್ತರಕ್ಕೆ 1 ಬಾರ್ ಅಷ್ಟೆ. ಶವರ್ ಜೋರಾಗಿ ಬರಲಿ ಎಂದು ಪ್ರೆಷರ್ ಪಂಪ್ ಹಾಕಿಸಿದ್ದರೆ ಗೀಸರ್ ಮೈಮೇಲೆ ಬರೆದ ಬಾರ್ ಮಿತಿಯನ್ನು ಪ್ಲಂಬರ್‌ಗೆ ತೋರಿಸಿ. ಬಿಸಿನೀರಿನ ಲೈನಿಗೆ ಮಾಮೂಲಿ ಪಿವಿಸಿ ಬೇಡ, ಮೆತ್ತಗಾಗುತ್ತದೆ. ಸಿಪಿವಿಸಿ ಹಾಕಿಸಿ.

ಕರೆಂಟಿನ ಕಡೆ: 2,000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಚುಚ್ಚುವ 6 ಆಂಪಿನ ಸಾಕೆಟ್ಟಿಗೆ, ಎಕ್ಸ್‌ಟೆನ್ಶನ್ ಬೋರ್ಡಿಗೆ ಅದನ್ನು ಹಾಕಬಾರದು. 16 ಆಂಪಿನ ಸಾಕೆಟ್, ಪ್ರತ್ಯೇಕ ಎಂಸಿಬಿ, ಜೊತೆಗೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಶಾಕ್‌ನಿಂದ ಜೀವ ಉಳಿಸುವುದು ಈ ಕೊನೆಯದು, ಎಂಸಿಬಿ ಅಲ್ಲ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ, ಟ್ರಿಪ್ ಆಗಬೇಕು. ಕೊಳ್ಳುವಾಗಲೇ ಐಎಸ್‌ಐ ಗುರುತು ನೋಡಿ. ಬಕೆಟಿಗೆ ಹಾಕುವ ಕಾಯಿಲ್‌ಗೂ ಇದು ಅನ್ವಯ, ಶಾಕ್ ಹೊಡೆಯುವುದರಲ್ಲಿ ಗೀಸರ್‌ಗಿಂತ ಅದೇ ಮುಂದು.

ಅರ್ಥಿಂಗ್ ವಿಷಯದಲ್ಲಿ ನಮ್ಮ ಬಯಲುಸೀಮೆಯದೇ ಒಂದು ತೊಡಕಿದೆ. ಬೇಸಿಗೆಯಲ್ಲಿ ಚಿತ್ರದುರ್ಗದ ಕಲ್ಲುನೆಲ ಒಣಗಿ ಬಿರಿದರೆ ಅರ್ಥ್ ಗುಂಡಿಗೆ ಕರೆಂಟ್ ಇಳಿಯುವುದು ಕಷ್ಟವಾಗುತ್ತದೆ. ಜೋಗಿಮಟ್ಟಿಯ ತಪ್ಪಲಿನ ಬಡಾವಣೆಗಳಲ್ಲಿ ಸ್ವಲ್ಪ ತೋಡಿದರೆ ಬಂಡೆ ಸಿಗಬಹುದು. ಫೆಬ್ರವರಿಯಿಂದ ಮಳೆ ಬರುವವರೆಗೆ ವಾರಕ್ಕೆರಡು ಬಕೆಟ್ ನೀರನ್ನು ಅರ್ಥ್ ಗುಂಡಿಗೆ ಸುರಿಯಿರಿ, ಎರಡು ಮೂರು ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ವೋಲ್ಟೇಜ್ ಏರುಪೇರು ಪದೇ ಪದೇ ಆದರೆ ಬೆಸ್ಕಾಂನ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಡಿ, ನಾಳೆ ಕಡತಕ್ಕೆ ಬರುತ್ತದೆ.

ಹೆಜ್ಜೆ 6: ಸೋಲಾರ್ ಮತ್ತು ಗ್ಯಾಸ್ ಗೀಸರ್ ಇದ್ದವರಿಗೆ

ಗಾಜಿನ ಟ್ಯೂಬಿನ ಸೋಲಾರ್ ಖಾಲಿಯಾಗಿ ಬಿಸಿಲಿಗೆ ಕಾದು ನಿಂತಿರುವಾಗ ಮಧ್ಯಾಹ್ನ ತಣ್ಣೀರು ಬಿಟ್ಟರೆ ಟ್ಯೂಬು ಚಟಾರನೆ ಸೀಳುತ್ತದೆ. ನೀರು ನಿಂತುಹೋಗಿ ಮತ್ತೆ ಬಂದ ದಿನ ಬೆಳಕು ಹರಿಯುವ ಮುನ್ನ ಅಥವಾ ಸಂಜೆ ತುಂಬಿಸಿ. ಗಾಳಿ ಹೋಗುವ ವೆಂಟ್ ಪೈಪಿನ ಬಾಯಲ್ಲಿ ಕಣಜ ಗೂಡು ಕಟ್ಟಿದೆಯೇ ನೋಡಿ. ಬೋರ್ ನೀರಿಗೆ ತಾಮ್ರದ ಕೊಳವೆಯ ಚಪ್ಪಟೆ ಪ್ಯಾನೆಲ್‌ಗಿಂತ ಗಾಜಿನ ಟ್ಯೂಬೇ ವಾಸಿ, ಕೊಳವೆ ಕಟ್ಟುವ ತಾಪತ್ರಯ ಕಡಿಮೆ. ಟ್ಯೂಬು ಒಡೆದದ್ದು ಬಿರುಗಾಳಿಗೋ, ಆಲಿಕಲ್ಲಿಗೋ, ಕೋಟೆ ಕಡೆಯ ಕೋತಿಗೋ ಎನ್ನುವುದರ ಮೇಲೆ ಕ್ಲೇಮ್ ನಿಲ್ಲುತ್ತದೆ. ಆಲಿಕಲ್ಲು, ಕೋತಿ ಎರಡಕ್ಕೂ ಉತ್ತರವನ್ನು ಪಾಲಿಸಿ ಮಾಡಿಸುವಾಗಲೇ ಕಂಪನಿಯಿಂದ ಇಮೇಲಿನಲ್ಲಿ ತರಿಸಿಕೊಳ್ಳಿ.

ಗ್ಯಾಸ್ ಗೀಸರ್ ಬಚ್ಚಲ ಒಳಗೆ ಇದ್ದರೆ ಈ ಲೇಖನ ಪಕ್ಕಕ್ಕಿಟ್ಟು ಮೊದಲು ಅದನ್ನು ಹೊರಗೆ ಹಾಕಿಸಿ. ಮುಚ್ಚಿದ ಕೋಣೆಯಲ್ಲಿ ಉರಿಗೆ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಸ್ನಾನಕ್ಕೆ ಹೋದವರು ಬಾಗಿಲು ತೆಗೆಯುವುದಿಲ್ಲ. ಗಾಳಿಯಾಡುವ ಹೊರಗೋಡೆಗೆ ಗೀಸರ್, ಬಚ್ಚಲೊಳಗೆ ಪೈಪು ಮಾತ್ರ. ಐಎಸ್‌ಐ ಗುರುತಿನ ಕಿತ್ತಳೆ ರಬ್ಬರ್ ಟ್ಯೂಬನ್ನು 5 ವರ್ಷಕ್ಕೆ ಬದಲಿಸಿ. ಗ್ಯಾಸ್ ಅವಘಡಕ್ಕೆ ತೈಲ ಕಂಪನಿಗಳು ನೋಂದಾಯಿತ ಗ್ರಾಹಕರಿಗೆಂದು ಪ್ರತ್ಯೇಕ ವಿಮೆ ಮಾಡಿಸಿರುತ್ತವೆ, ಗ್ರಾಹಕರು ಪ್ರೀಮಿಯಂ ಕಟ್ಟಬೇಕಿಲ್ಲ. ಅವಘಡವಾದರೆ ಗ್ಯಾಸ್ ಏಜೆನ್ಸಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಸಂಪರ್ಕ ನಿಮ್ಮ ಹೆಸರಿನಲ್ಲಿ, ಆ ಮನೆಯ ವಿಳಾಸದಲ್ಲೇ ಇರಬೇಕು. ಮನೆ ಬದಲಿಸಿದವರು ವಿಳಾಸ ಬದಲಿಸಿದ್ದೀರಾ?

ಹೆಜ್ಜೆ 7: ಒಂದು ಕಡತ ಮಾಡಿ

ಗೀಸರ್ ಖರೀದಿಯ ಜಿಎಸ್‌ಟಿ ಬಿಲ್ಲು, ವಾರಂಟಿ ಕಾರ್ಡು, ಸೀರಿಯಲ್ ನಂಬರಿನ ಫೋಟೊ, ಪ್ರತಿ ವರ್ಷದ ಸರ್ವೀಸ್ ಬಿಲ್ಲು, ಬಚ್ಚಲು ಮತ್ತು ಅದರ ಹಿಂದಿನ ಗೋಡೆಯ ಒಣಗಿದ ಸ್ಥಿತಿಯ ಫೋಟೊ. ಪ್ಲಂಬರ್ ಬಿಲ್ ಕೊಡದಿದ್ದರೆ ಫೋನ್‌ಪೇಯಲ್ಲಿ ಕೊಟ್ಟು ‘ಗೀಸರ್ ಸರ್ವೀಸ್’ ಎಂದು ಬರೆಯಿರಿ, ತಾರೀಕು ತಾನೇ ದಾಖಲಾಗುತ್ತದೆ. ಕಾಗದದ ಬಿಲ್ಲಿನ ಅಕ್ಷರ ಎರಡು ವರ್ಷಕ್ಕೆ ಅಳಿಸಿಹೋಗುತ್ತದೆ, ಕೊಂಡ ದಿನವೇ ಫೋಟೊ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿ.

ಹೆಜ್ಜೆ 8: ಒಡೆದೇ ಹೋದರೆ

ಮೊದಲು ಎಂಸಿಬಿ, ಆಮೇಲೆ ನೀರಿನ ವಾಲ್ವ್. ನೆಲದಲ್ಲಿ ನೀರು ನಿಂತಿರುವಾಗ ಒದ್ದೆ ಕೈಯಲ್ಲಿ ಗೀಸರ್ ಸ್ವಿಚ್ ಮುಟ್ಟಬೇಡಿ. ಬೆಂಕಿಯಾದರೆ 112ಕ್ಕೆ ಕರೆ ಮಾಡಿ. ಅಗ್ನಿಶಾಮಕ ಠಾಣೆಯ ವರದಿ ಆಮೇಲೆ ಬೇಕಾಗುತ್ತದೆ.

ಒರೆಸುವ ಮುಂಚೆ ವಿಡಿಯೊ. ಬಾಗಿಲಿನಿಂದ ಶುರುಮಾಡಿ ನೀರು ಎಲ್ಲಿಯವರೆಗೆ ಬಂದಿದೆ, ಟ್ಯಾಂಕ್ ಎಲ್ಲಿ ಸೀಳಿದೆ, ಯಾವ ಸಾಮಾನು ನೆನೆದಿದೆ ಎಲ್ಲ ಒಂದೇ ಓಟದಲ್ಲಿ ತೆಗೆಯಿರಿ. ನಂತರ ನೀರು ಬಳಿದು, ಸಾಮಾನು ಎತ್ತಿಟ್ಟು ನಷ್ಟ ಹೆಚ್ಚದಂತೆ ನೋಡಿಕೊಳ್ಳಿ. ಇದು ಪಾಲಿಸಿಯ ಷರತ್ತೂ ಹೌದು. ಒಡೆದ ಗೀಸರನ್ನು ಗುಜರಿಯವನಿಗೆ ಕೊಡಬೇಡಿ, ಸರ್ವೇಯರ್ ನೋಡುವವರೆಗೆ ಮೂಲೆಯಲ್ಲಿರಲಿ.

ಅದೇ ದಿನ ಪಾಲಿಸಿ ಮೇಲಿರುವ ನಂಬರಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ. ಏಜೆಂಟರಿಗೆ ಹೇಳಿದರೆ ಕಂಪನಿಗೆ ಹೇಳಿದಂತಾಗಲಿಲ್ಲ. ಕ್ಲೇಮ್ ಅರ್ಜಿಯನ್ನು 30 ದಿನದೊಳಗೆ ಕೊಡಬೇಕು. ಅದರಲ್ಲಿ ಏನಾಯಿತೋ ಅದನ್ನೇ ಬರೆಯಿರಿ: ಎಷ್ಟು ಗಂಟೆಗೆ, ಯಾರು ಮನೆಯಲ್ಲಿದ್ದರು, ಸದ್ದು ಕೇಳಿತೇ, ಎಷ್ಟು ಹೊತ್ತಿಗೆ ನೀರು ನಿಲ್ಲಿಸಿದಿರಿ. ‘ಗೀಸರ್ ಸೋರಿಕೆಯಿಂದ ನಷ್ಟ’ ಎಂದು ಯಾರೋ ಹೇಳಿದ್ದನ್ನು ಹಾಗೇ ಬರೆದುಬಿಟ್ಟರೆ ನಿಜವಾಗಿ ಒಡೆದದ್ದೂ ಸವಕಳಿಯ ಲೆಕ್ಕಕ್ಕೆ ಹೋಗುತ್ತದೆ. ಸೋರಿದ್ದನ್ನು ಒಡೆದದ್ದು ಎಂದು ಬರೆಯುವುದೂ ಬೇಡ. ಗೋಡೆಯ ಹಳೆ ತೇವದ ಕಲೆ ಸುಳ್ಳು ಹೇಳುವುದಿಲ್ಲ, ಸುಳ್ಳು ಸಿಕ್ಕಿಬಿದ್ದರೆ ಇಡೀ ಕ್ಲೇಮ್ ಹೋಗುತ್ತದೆ.

ಬಣ್ಣ, ಪ್ಲಾಸ್ಟರ್, ಬಡಗಿ ಕೆಲಸಕ್ಕೆ ಪ್ರತ್ಯೇಕ ಅಂದಾಜು ಪಟ್ಟಿ ಬರೆಸಿ. ಎಲ್ಲ ಸೇರಿಸಿ ಒಂದೇ ಮೊತ್ತ ಬರೆಸಿದರೆ ಸರ್ವೇಯರ್‌ಗೆ ಕತ್ತರಿಸುವುದು ಸುಲಭ. ಸರ್ವೇಯರ್ ಬಂದಾಗ ಕಡತ ಕೈಗೆ ಕೊಡಿ, ಸರ್ವೀಸ್ ಬಿಲ್ಲು ಮೇಲಿರಲಿ.

ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಲಿಖಿತ ಕಾರಣ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ಕಚೇರಿ ಇಡೀ ಕರ್ನಾಟಕದ ದೂರು ಕೇಳುತ್ತದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅಲ್ಲಿನ ತೀರ್ಪು ಕಂಪನಿಗೆ ಕಡ್ಡಾಯ, ನಿಮಗೆ ಅಲ್ಲ. ಸಮಾಧಾನವಾಗದಿದ್ದರೆ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಇರುವ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಬಹುದು. ಅಲ್ಲಿಗೆ ಎರಡು ವರ್ಷದ ಗಡುವು.